ಹಾರ್ನು ಕುಗ್ಗಿದ ಕಾರು

"ಬರುವಾಗ ನಿನ್ ಮೀಟರ್ ತಗೊಂಡ್ ಬಾರವ್ವ. ಈ ಬ್ಯಾಟರಿನೂ ಹೋಯ್ತು" ಎಂದು ಅಣ್ಣ ಫೋನಿನಲ್ಲಿ ಹೇಳಿ, ನಾನು ಹೂಂ ಅನ್ನುವ ಮೊದಲೇ ಇಟ್ಟುಬಿಟ್ಟ.

ಅವನ ಫೋನು ಎರಡು ವರ್ಷದಿಂದ ಹಾಗೇ ಆಗಿತ್ತು. ಹೇಳುವುದನ್ನು ಹೇಳಿ ಕಟ್ ಮಾಡುತ್ತಿದ್ದ. ನಮ್ಮ ಮಾತು ಕೇಳುವ ವ್ಯವಧಾನವೇ ಇಲ್ಲ, ವಯಸ್ಸಾದ ಹಾಗೆ ದೊಡ್ಡಸ್ತಿಕೆ ಬಂತು ಎಂದು ನಾನು ಮನೆಯಲ್ಲಿ ಗೊಣಗುತ್ತಿದ್ದೆ. ಆವತ್ತೂ ಗೊಣಗಿಕೊಂಡೇ ಮೀಟರನ್ನು ಬ್ಯಾಗಿಗೆ ಹಾಕಿದೆ.

ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಿದ್ದವಳು. ಇಪ್ಪತ್ತೊಂಬತ್ತು ವರ್ಷ ಅದೇ ಕೋಣೆ, ಅದೇ ಮೇಜು. ಈಗ ನಿವೃತ್ತಿಯಾಗಿದೆ, ಆದರೆ ಮಲ್ಟಿಮೀಟರಿನ ಚಟ ಬಿಟ್ಟಿಲ್ಲ. ನೆಂಟರ ಮನೆಯಲ್ಲಿ ಮಿಕ್ಸಿ ನಿಂತರೂ ಯುಪಿಎಸ್ ಕೂಗಿಕೊಂಡರೂ ನನಗೇ ಹೇಳಿ ಕಳಿಸುತ್ತಾರೆ. ಬೆನ್ನ ಹಿಂದೆ ಮೀಟರಮ್ಮ ಎನ್ನುತ್ತಾರೆ ಅನ್ನುವುದೂ ಗೊತ್ತು. ಲ್ಯಾಬಿನಲ್ಲಿ ನನ್ನದು ಒಂದೇ ಹಟ. ಹುಡುಗರು ಪಕ್ಕದವರ ರೆಕಾರ್ಡು ನೋಡಿ ಉತ್ತರ ಸರಿಮಾಡಿಕೊಂಡರೆ ಪುಟವನ್ನೇ ಹರಿದುಹಾಕುತ್ತಿದ್ದೆ. "ಕಣ್ಣಿಗೆ ಕಂಡ ರೀಡಿಂಗ್ ಬರೀರಿ, ಮನಸ್ಸಿಗೆ ಬಂದದ್ದು ಬೇಡ" ಎಂದು ಅದೆಷ್ಟು ಸಾವಿರ ಸಲ ಹೇಳಿದ್ದೇನೋ. ಒಬ್ಬ ಹುಡುಗಿ ಅತ್ತೇಬಿಟ್ಟಿದ್ದಳು. ನಾನು ಕರಗಿರಲಿಲ್ಲ.

ನಮ್ಮ ತವರು ದಂಡಿನಶಿವರದಿಂದ ಸ್ವಲ್ಪ ಒಳಗೆ. ಅಣ್ಣ ನನಗಿಂತ ಆರು ವರ್ಷಕ್ಕೆ ದೊಡ್ಡವನು. ಓದಿದ್ದು ಹತ್ತನೆಯ ಕ್ಲಾಸಿನವರೆಗೆ. ಆದರೆ ಸುತ್ತಿನ ಊರುಗಳಲ್ಲಿ ನನ್ನ ಓದಿಗಿಂತ ಅವನ ಕಿವಿಗೆ ಮರ್ಯಾದೆ ಜಾಸ್ತಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಕಡೆ ಕೊಬ್ಬರಿ ಬಿಸಿಲಿನಲ್ಲಿ ಆಗುವುದಲ್ಲ, ಅಟ್ಟದ ಮೇಲೆ ಆಗುವುದು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಮಲಗಿರುತ್ತದೆ. ಒಳಗಿನ ನೀರು ಇಂಗಿ, ಕಾಯಿ ಒಣಗಿ, ಚಿಪ್ಪಿನಿಂದ ಕಳಚಿಕೊಂಡು ಉಂಡೆಯಾಗುತ್ತದೆ. ಆದದ್ದು ಯಾವಾಗ ಎಂದು ಹೊರಗಿನಿಂದ ಕಾಣುವುದಿಲ್ಲ. ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಮೊದಲ ತಿಂಗಳುಗಳಲ್ಲಿ ನೀರು ಕುಲುಕುತ್ತದೆ. ಆಮೇಲೆ ಬಹಳ ದಿನ ಏನೂ ಇಲ್ಲ, ಮೌನ. ಅದಾದ ಮೇಲೆ ಒಂದು ಮಂಕು ಸದ್ದು ಶುರುವಾಗುತ್ತದೆ, ಧಪ್ ಧಪ್ ಎಂದು. ಕೊನೆಗೆ ಗಡಗಡ. ಮಂಕಿಗೂ ಗಡಗಡಕ್ಕೂ ನಡುವೆ ಒಂದೆರಡು ವಾರದ ಅಂತರ. ಆ ಅಂತರ ತಪ್ಪಿ ಮುಂಚೆ ಸುಲಿದು ಒಡೆದರೆ ಒಳಗೆ ಹಸಿ ಇರುತ್ತದೆ, ಬೂಸಲು ಹಿಡಿಯುತ್ತದೆ, ವರ್ಷದ ಫಸಲು ಹಾಳು.

ಎಲ್ಲರೂ ಅಲ್ಲಾಡಿಸುತ್ತಾರೆ, ಎಲ್ಲರಿಗೂ ಒಂದಷ್ಟು ಕೇಳುತ್ತದೆ. ಆದರೆ ಅನುಮಾನ ಬಂದಾಗ ಅಣ್ಣನನ್ನು ಕರೆಸುತ್ತಿದ್ದರು. ಅವನು ಏಣಿ ಹತ್ತಿ ಅಟ್ಟದ ನಾಲ್ಕು ಮೂಲೆಯಿಂದ ನಾಲ್ಕು ನಾಲ್ಕು ಕಾಯಿ ತೆಗೆದು, ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ಅಲ್ಲಾಡಿಸುತ್ತಿದ್ದ. ಕೆಳಗೆ ಮನೆಯವರೆಲ್ಲ ಮಾತು ನಿಲ್ಲಿಸಿ ಮೇಲೆ ನೋಡುತ್ತ ನಿಂತಿರುತ್ತಿದ್ದರು. "ಆಗದೆ, ಸುಲಿಸ್ರಿ" ಎಂದರೆ ಮಾರನೆಯ ದಿನವೇ ಸುಲಿಯುವವರು ಬರುತ್ತಿದ್ದರು. "ಇನ್ನೆಂಟು ದಿನ ಬುಡಿ" ಎಂದರೆ ಬಿಡುತ್ತಿದ್ದರು. ಇದಕ್ಕೆ ಅವನು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಲೋಟ ಕಾಫಿ, ಎರಡು ಎಲೆ ಅಡಿಕೆ. ಆದರೆ ಆ ಅಟ್ಟದಿಂದ ಇಳಿದು ಬರುವಾಗ ಅವನ ಮುಖ ನೋಡಬೇಕಿತ್ತು. ನನಗೆ ಕಾಲೇಜಿನಲ್ಲಿ ಸಂಬಳ ಬಂದ ದಿನವೂ ಅಷ್ಟು ಬೆಳಕು ಇರುತ್ತಿರಲಿಲ್ಲ.

ಈಚೆಗೆ ಅವನು ಅಟ್ಟ ಹತ್ತುವುದನ್ನು ಬಿಟ್ಟಿದ್ದ. ಕರೆದವರಿಗೆಲ್ಲ "ಮಂಡಿ ನೋವು ಕಣಪ್ಪ, ಏಣಿ ಆಗಲ್ಲ" ಎನ್ನುತ್ತಿದ್ದ. ನಾನೂ ತಿಪಟೂರಿನಿಂದ ಎರಡು ಸಲ ಮಂಡಿಗೆ ಹಚ್ಚುವ ಎಣ್ಣೆ ತಂದುಕೊಟ್ಟಿದ್ದೆ.

ಇನ್ನು ಕಾರು. ಅಣ್ಣನದು ಸೆಕೆಂಡ್ ಹ್ಯಾಂಡಿನ ಚಿಕ್ಕ ಪೆಟ್ರೋಲ್ ಕಾರು, ಬಿಳಿ ಬಣ್ಣದ್ದು. ತೋಟದ ದೂಳು ಕೂತು ಬಿಳಿ ಅನ್ನುವುದು ನಂಬಿಕೆಯ ಮಾತಾಗಿದೆ. ಹಿಂದಿನ ವರ್ಷ ಬೇಸಿಗೆಯಲ್ಲಿ ಹಾರ್ನು ಕುಗ್ಗಿದೆ, ಸೆಲ್ಫ್ ಹೊಡೆದರೆ ದನಿಯೇ ಇಲ್ಲ ಎಂದು ಶುರುಮಾಡಿದ. ಬ್ಯಾಟರಿ ಹಳೆಯದಾಗಿತ್ತು, ಸರಿ, ಬದಲಾಯಿಸಿದ. ಆರು ತಿಂಗಳಾಗಿರಲಿಲ್ಲ, ಹೊಸದೂ ಹೋಯಿತು ಎಂದ. ಅಂಗಡಿಯವನು ಹಳೆಯ ಸ್ಟಾಕ್ ತಳ್ಳಿದ್ದಾನೆ ಎಂದು ತಿಪಟೂರಿಗೇ ಬಂದು ಜಗಳ ಕಾದ. ಆ ಅಂಗಡಿಯವನು ನನ್ನ ಕೈಯಲ್ಲಿ ಲ್ಯಾಬ್ ಕಲಿತ ಹುಡುಗ, ಈಗ ನಡುವಯಸ್ಸಿನ ಗೃಹಸ್ಥ. ನನಗೆ ಫೋನು ಮಾಡಿ, "ಮೇಡಂ, ಬ್ಯಾಟರಿ ಚೆನ್ನಾಗೇ ಇದೆ. ನಿಮ್ಮಣ್ಣೋರು ಒಪ್ತಾನೇ ಇಲ್ಲ. ಎಲ್ಲರೆದುರಿಗೆ ಕಳ್ಳ ಅಂದ್ಬಿಟ್ರು" ಎಂದು ಹೇಳಿಕೊಂಡಿದ್ದ. ಅವನ ದನಿಯಲ್ಲಿ ಕೋಪಕ್ಕಿಂತ ಸಂಕಟ ಇತ್ತು. ಅದಕ್ಕೇ ಅಣ್ಣ ಮೀಟರ್ ತಾ ಎಂದಾಗ ನನಗೆ ಒಳಗೊಳಗೇ ಉತ್ಸಾಹ. ಸತ್ಯ ಯಾವುದು ಅಂತ ಒಂದೇ ಸಲಕ್ಕೆ ತೀರ್ಮಾನ ಮಾಡಿಬಿಡುತ್ತೇನೆ ಎಂದುಕೊಂಡು ಬಸ್ಸು ಹತ್ತಿದೆ.

ಯಾವಾಗಲೂ ಸ್ಟಾಪಿಗೆ ಕಾರು ತರುತ್ತಿದ್ದವನು ಆವತ್ತು ತಂದಿರಲಿಲ್ಲ. ನಡೆದೇ ಹೋದೆ. ಅಂಗಳಕ್ಕೆ ಕಾಲಿಟ್ಟರೆ ಅತ್ತಿಗೆಯ ದನಿ ಬೀದಿಗೆ ಕೇಳುತ್ತಿತ್ತು: "ನಿಮ್ ತಂಗಿ ಬಂದ್ಲು, ಎದ್ದೇಳ್ರೀ!" ಅವರದು ಮೊದಲು ಗುಟ್ಟು ಹೇಳುವ ಹಾಗಿನ ದನಿ. ಈಚೀಚೆಗೆ ಬಲು ಜೋರಾಗಿದ್ದರು. ಮುದುಕಿಯಾದ ಮೇಲೆ ಗಂಡನ ಮೇಲೆ ದರ್ಬಾರು ಶುರುವಾಯಿತಾ ಎಂದು ನಾನೇ ಹಿಂದೊಮ್ಮೆ ಛೇಡಿಸಿದ್ದೆ. ಆಗ ಅವರು ನಕ್ಕಿರಲಿಲ್ಲ.

ಮಗ ಸೊಸೆ ಇಬ್ಬರೂ ತೋಟದ ಕಡೆ ಹೋಗಿದ್ದರು. ಅಣ್ಣ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ನನಗಾಗಿ ಕಾದು ಕೂತಿದ್ದ. ರಾತ್ರಿಯಿಂದ ಕಾರು ಮುಟ್ಟಿಲ್ಲ ಎಂದ. ಹಿಂದಿನ ದಿನ ನಾನೇ ಸೊಸೆಗೆ ಫೋನು ಮಾಡಿ ಹೇಳಿಸಿದ್ದೆ, ಓಡಿಸಿದ ತಕ್ಷಣ ನೋಡಿದರೆ ಬ್ಯಾಟರಿಯ ನಿಜಸ್ಥಿತಿ ಗೊತ್ತಾಗುವುದಿಲ್ಲ, ಕೆಲವು ಗಂಟೆ ಸುಮ್ಮನೆ ಬಿಡಬೇಕು ಎಂದು. ಅಷ್ಟು ಶ್ರದ್ಧೆಯಿಂದ ಮಾತು ಕೇಳಿದ್ದನ್ನು ನೋಡಿ ನನಗೆ ಖುಷಿಯಾಯಿತು.

ಬಾನೆಟ್ ಎತ್ತಿ ಕೋಲು ಕೊಟ್ಟ. ಟರ್ಮಿನಲ್‌ಗಳ ಮೇಲೆ ಹಸಿರು ಬಿಳಿ ಪುಡಿ ಕಟ್ಟಿತ್ತು, ಅದರ ಮೇಲೆ ಕೊಬ್ಬರಿ ಎಣ್ಣೆ ಸವರಿದ್ದ. ನಮ್ಮವರು ಅಷ್ಟೇ, ಗಾಯಕ್ಕೂ ಕೂದಲಿಗೂ ಬಾಗಿಲಿನ ಕೀಲಿಗೂ ಅದೇ ಎಣ್ಣೆ. ಬ್ಯಾಟರಿ ಮಾತ್ರ ಯಾಕೆ ಹೊರತಾಗಬೇಕು. "ಇದಕ್ಕೂ ತಲೆ ಬಾಚಿ ಜಡೆ ಹಾಕೋದೊಂದು ಬಾಕಿ" ಎಂದೆ. ಅವನು ನಗಲಿಲ್ಲ. ಅತ್ತಿಗೆಯಿಂದ ಬಿಸಿನೀರು, ಅಡಿಗೆ ಸೋಡಾ, ಹಳೆಯ ಹಲ್ಲುಜ್ಜುವ ಬ್ರಶ್ಶು ತರಿಸಿ, ವೈರು ಬಿಚ್ಚಿ ತೊಳೆದು, ಒಣಗಿಸಿ, ಮತ್ತೆ ಬಿಗಿ ಮಾಡಿದೆ. ಹೆಡ್‌ಲೈಟು ಎರಡು ನಿಮಿಷ ಹಾಕಿ ಆರಿಸಿ, ಒಂದಷ್ಟು ಹೊತ್ತು ಬಿಟ್ಟೆ.

ಆಮೇಲೆ ಮೀಟರಿನ ಗುಬುಟನ್ನು ಡಿ.ಸಿ. ಇಪ್ಪತ್ತಕ್ಕೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ ಇಟ್ಟೆ. ಹನ್ನೆರಡು ಪಾಯಿಂಟ್ ಆರು ಎರಡು. ಪೂರ್ತಿ ತುಂಬಿದ ಬ್ಯಾಟರಿ.

"ಎಷ್ಟು?" ಎಂದ ಅಣ್ಣ. ಮೀಟರನ್ನು ಅವನ ಕಡೆ ತಿರುಗಿಸಿದೆ.

"ಇದೊಂದರಿಂದ ಹೇಳಕ್ಕಾಗಲ್ಲ. ಸುಮ್ನೆ ಕೂತಾಗ ಎಲ್ಲಾರೂ ಗಟ್ಟಿಗರೇ. ಭಾರ ಎತ್ತುವಾಗ ನೋಡ್ಬೇಕು. ನೀನು ಸೆಲ್ಫ್ ಹೊಡಿ" ಎಂದೆ.

ಅವನು ಒಳಗೆ ಕೂತು ಕೀ ತಿರುಗಿಸಿದ. ಅಂಕಿ ಹತ್ತು ಪಾಯಿಂಟ್ ಏಳಕ್ಕೆ ಇಳಿದು, ಮರುಕ್ಷಣ ಮೇಲೆದ್ದಿತು. ಒಂಬತ್ತೂವರೆಗಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ ಎಂದು ಲೆಕ್ಕ. ಇದು ಅದರ ಹತ್ತಿರವೂ ಸುಳಿಯಲಿಲ್ಲ. ಇಂಜಿನ್ ಒಂದೇ ಏಟಿಗೆ ಹಿಡಿದು ಸಣ್ಣಗೆ ಓಡತೊಡಗಿತು. ನಾನು ಮೀಟರಿನಿಂದ ತಲೆ ಎತ್ತುವಷ್ಟರಲ್ಲಿ ಅಣ್ಣ ಮತ್ತೆ ಕೀ ತಿರುಗಿಸಿದ. ಓಡುತ್ತಿದ್ದ ಇಂಜಿನ್ನಿನ ಮೇಲೆ ಸೆಲ್ಫ್ ಕರ್ರ್ ಎಂದು ಹಲ್ಲು ಕಡಿಯಿತು.

"ಏನ್ ಮಾಡ್ತಿದೀಯಾ? ಆಗ್ಲೇ ಸ್ಟಾರ್ಟ್ ಆಗಿದೆ!" ಎಂದು ಕೂಗಿದೆ.

ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದ. ಆಮೇಲೆ ಸ್ಟಿಯರಿಂಗ್ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದ. ಅವನು ಆಗ ಅಂಗೈಯಿಂದ ಇಂಜಿನ್ ಹುಡುಕುತ್ತಿದ್ದ ಎಂದು ನನಗೆ ಈಗ ಗೊತ್ತು. ಆಗ ನಾನು ಮೀಟರ್ ನೋಡುತ್ತಿದ್ದೆ. ಹದಿನಾಲ್ಕು ಪಾಯಿಂಟ್ ಎರಡು ತೋರಿಸುತ್ತಿತ್ತು. ಚಾರ್ಜಿಂಗ್ ಕೂಡ ಸರಿ. ಮೂರು ಪರೀಕ್ಷೆ, ಮೂರರಲ್ಲೂ ಪಾಸು.

ಇಂಜಿನ್ ನಿಲ್ಲಿಸಿ ಇಳಿದು ಬಂದ. "ಅದೆಲ್ಲ ಇರ್ಲಿ. ಹಾರ್ನ್ ಹೊಡಿ ನೀನು, ನಾ ಇಲ್ ನಿಂತ್ಕೊತೀನಿ. ಎಷ್ಟು ಕುಗ್ಗೋಗದೆ ಅಂತ ನೀನೇ ನೋಡು" ಎಂದ.

ನಾನು ಒಳಗೆ ಕೂತು ಹಾರ್ನ್ ಒತ್ತಿದೆ. ಮುಂದಿನ ತೆಂಗಿನ ಮರದಿಂದ ಗೊರವಂಕಗಳು ಗುಂಪಾಗಿ ಎದ್ದು ಹಾರಿದವು. ಕೊಟ್ಟಿಗೆಯಲ್ಲಿ ಕರು ಹಗ್ಗ ಜಗ್ಗಿತು. ಒಳಗಿನಿಂದ ಅತ್ತಿಗೆ, "ಯಾಕ್ ಹಂಗೆ ಒತ್ತೀರಿ, ಕಿವಿ ಕಿತ್ತೋಗ್ತದೆ!" ಎಂದು ಕೂಗಿದರು. ಅಣ್ಣ ಬಾನೆಟ್ಟಿನ ಮುಂದೆ, ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ನಿಂತಿದ್ದ. ಕಣ್ಣು ಬಿಟ್ಟು, "ನೋಡ್ದಾ? ದನಿನೇ ಇಲ್ಲ" ಎಂದ.

ನನಗೆ ನಗು ತಡೆಯಲಿಲ್ಲ. ಗೆದ್ದ ನಗು ಅದು. "ಬ್ಯಾಟರಿ ಕಲ್ಲುಗುಂಡಿನಂಗಿದೆ ಕಣಣ್ಣ. ಮೀಟರ್ ಇಡ್ಬೇಕಾಗಿರೋದು ನಿನ್ ಕಿವಿಗೆ" ಎಂದೆ.

"ಏನಂದೆ?" ಎಂದ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಏನಿಲ್ಲ ಬಾ ಕಾಫಿ ಕುಡಿಯೋಣ ಎನ್ನಬಹುದಿತ್ತು. ನಾನು ಲ್ಯಾಬಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ, ಮತ್ತೆ ಹೇಳಿದೆ: "ಬ್ಯಾಟರಿ ಸರಿ ಇದೆ. ನಿನ್ ಕಿವಿ ನೋಡಿಸ್ಬೇಕು!"

ಎರಡನೆಯ ಸಲ ಹೇಳುವಾಗ ಅದರಲ್ಲಿ ತಮಾಷೆ ಉಳಿದಿರಲಿಲ್ಲ. ಬರೀ ಮಾತು ಉಳಿದಿತ್ತು. ನನ್ನ ದನಿ ಅಂಗಳದ ಆಚೆಗೆ ಹೋಗಿ ನಿಂತಿತು. ಅಣ್ಣ ನಕ್ಕ. ಬೇರೆಯವರ ಮನೆಯಲ್ಲಿ ಊಟ ರುಚಿಯಿಲ್ಲದಾಗ ನಗುತ್ತೇವಲ್ಲ, ಹಾಗೆ. ಬಾನೆಟ್ಟಿನ ಕೋಲು ಮಡಿಚಿ, ಎರಡು ಕೈಯಿಂದ ನಿಧಾನವಾಗಿ ಮುಚ್ಚಿ, ಒಳಗೆ ಹೋದ.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಅವರ ಮುಖ ನೋಡಿದ ಮೇಲೆಯೇ ನನ್ನ ನಗು ಇಳಿದದ್ದು. ಹತ್ತಿರ ಬಂದು, ತಮ್ಮ ಹಳೆಯ ಸಣ್ಣ ದನಿಯಲ್ಲಿ ಹೇಳಿದರು: "ಎರಡು ವರ್ಷದಿಂದ ನಾನು ಒಂದೊಂದೇ ಮೆಟ್ಲು ದನಿ ಏರಿಸ್ಕೊಂಡ್ ಬಂದೆ ಕಣಮ್ಮ, ಅವ್ರಿಗೆ ಗೊತ್ತಾಗ್ದಂಗೆ. ಊರೋರು ಗಯ್ಯಾಳಿ ಅಂದ್ರು, ಅಂದ್ಕೊಳ್ಲಿ ಅಂದೆ. ನೀನು ಒಂದೇ ಏಟಿಗೆ ಹೇಳ್ಬುಟ್ಟೆ."

ನೋಡಿದ್ದೆಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಉತ್ತರಕ್ಕೆ ಕಾಯದ ಫೋನು, ಎರಡನೆಯ ಸಲ ತಿರುಗಿದ ಕೀ, ಜೋರಾದ ಅತ್ತಿಗೆ. ನಾಲ್ಕು ರೀಡಿಂಗ್ ಕೈಯಲ್ಲಿದ್ದರೂ ಗ್ರಾಫ್ ಎಳೆಯಲು ಬಾರದ ದಡ್ಡ ಹುಡುಗರನ್ನು ನಾನು ಅದೆಷ್ಟು ಬೈದಿದ್ದೆ. ನಾನೂ ಅವರ ಸಾಲಿನವಳೇ.

ಒಳಗೆ ಹೋದರೆ ಅಣ್ಣ ನಡುಮನೆಯಲ್ಲಿ ಇರಲಿಲ್ಲ. ಅಟ್ಟದ ಏಣಿ ಹತ್ತುತ್ತಿದ್ದ. ಮಂಡಿ ನೋವಿನ ಮನುಷ್ಯ ಹತ್ತುವ ಹಾಗೆ ಅಲ್ಲ. ಚಿಕ್ಕಂದಿನಲ್ಲಿ ಹತ್ತುತ್ತಿದ್ದನಲ್ಲ, ಹಾಗೆಯೇ ಸರಸರ ಹತ್ತಿದ. ನಾನು ಸೀರೆ ಸಿಕ್ಕಿಸಿಕೊಂಡು ಹಿಂದೆ ಹತ್ತಿದೆ.

ಅಟ್ಟದ ಮೇಲೆ ಅದೇ ವಾಸನೆ. ಒಣ ಸಿಪ್ಪೆ, ಎಣ್ಣೆಯಂಶ, ಇಲಿ, ಹೆಂಚಿನ ಕಾವು. ಕಾಯಿಯ ರಾಶಿಯ ಮುಂದೆ ಅವನು ಚಕ್ಕಂಬಕ್ಕಳ ಹಾಕಿ ಕೂತಿದ್ದ. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನನ್ನ ಕೈಗೆ ಕೊಟ್ಟ.

"ಏನ್ ಕೇಳ್ತದೆ ಹೇಳು."

ಅಲ್ಲಾಡಿಸಿದೆ. "ಮಂಕಾಗಿದೆ. ಧಪ್ ಅಂತದೆ" ಎಂದೆ, ಅವನ ಮುಖದ ಮುಂದೆ, ಮೆಲ್ಲಗೆ ಅಲ್ಲ, ಜೋರಾಗೂ ಅಲ್ಲ. ಯಾವ ದನಿಯಲ್ಲಿ ಮಾತಾಡಬೇಕು ಎಂದು ನನಗೆ ಗೊತ್ತಾಗದೆ ಹೋಯಿತು.

ಇನ್ನೊಂದು ಕೊಟ್ಟ. ಅದು ಗಡಗಡ ಅನ್ನುತ್ತಿತ್ತು. ಹೇಳಿದೆ.

"ನಂಗೆ ಎರಡೂ ಒಂದೇ" ಎಂದ. "ಒಳಗೆ ಆಡ್ತದೆ ಅಂತ ಕೈಗೆ ಗೊತ್ತಾಗ್ತದೆ. ಹೆಂಗ್ ಆಡ್ತದೆ ಅಂತ ಕಿವಿಗೆ ಗೊತ್ತಾಗಲ್ಲ."

ಆಮೇಲೆ ಅವನಾಗಿಯೇ ಹೇಳಿದ. ಹಂದನಕೆರೆ ಕಡೆಯ ಒಂದು ಮನೆಯವರು ಹೋದ ವರ್ಷ ಕರೆಸಿದ್ದರಂತೆ. ಅಷ್ಟು ಹೊತ್ತಿಗಾಗಲೇ ಕಿವಿ ಮಬ್ಬಾಗಿತ್ತು, ಆದರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹತ್ತಿ, ತಲೆ ವಾಲಿಸಿ, ಕಣ್ಣು ಮುಚ್ಚಿ, ಕಿವಿಯಿಂದ ಕೇಳಿದ ಹಾಗೆ ಮಾಡಿ, ಕೈಯ ಅಂದಾಜಿನಲ್ಲಿ "ಆಗದೆ, ಸುಲಿಸ್ರಿ" ಎಂದುಬಿಟ್ಟ. ಅವರು ಅವನೆದುರಿಗೇ ಒಂದು ಬುಟ್ಟಿಯಷ್ಟು ಸುಲಿಸಿ ಒಡೆಸಿದರು. ಒಡೆದದ್ದರಲ್ಲಿ ಮುಕ್ಕಾಲು ಪಾಲು ಒಳಗೆ ಹಸಿ. ಒಂದೆರಡರಲ್ಲಿ ಕಾಯಿ ಚಿಪ್ಪಿಗೆ ಕಚ್ಚಿಕೊಂಡೇ ಇತ್ತು.

"ಆಮೇಲೆ?" ಎಂದೆ.

"ಆಮೇಲೇನು. ಯಜಮಾನ್ರು ಒಂದು ಮಾತು ಆಡ್ನಿಲ್ಲ. ಮಿಕ್ಕಿದ್ದು ಇನ್ನೊಂದಷ್ಟು ದಿನ ಇರ್ಲಿ ಬುಡಿ ಅಂದ್ರು. ಕಾಫಿ ಕೊಟ್ರು. ಬಾಗ್ಲ ತಂಕ ಬಂದು ಕಳಿಸ್ಕೊಟ್ರು. ಬೈದಿದ್ರೆ ಚೆನ್ನಾಗಿತ್ತು ಕಣವ್ವ."

ಅವನು ಕೈಯಲ್ಲಿದ್ದ ಕಾಯಿಯ ನಾರನ್ನು ಉಗುರಿನಿಂದ ಎಳೆಯುತ್ತಿದ್ದ. ಕಾರಿನ ಮಾತನ್ನು ಅವನೇ ಎತ್ತಿದ.

"ಅದಾದ್ ಮೇಲೆ ಕಾರಲ್ಲಿ ಹಾರ್ನೂ ಕುಗ್ದಂಗೆ ಕೇಳ್ತು. ನಂಗೆ ಖುಷಿ ಆಯ್ತು. ಹಾರ್ನು ನಿಜವಾಗ್ಲೂ ಕುಗ್ಗಿದ್ರೆ ನನ್ ಕಿವಿ ಸರಿ ಅದೆ ಅಂತ ತಾನೆ? ಬ್ಯಾಟರಿ ಬದ್ಲಾಯಿಸ್ದೆ. ಆಗ್ಲೂ ಹಂಗೇ ಇತ್ತು. ಅಂಗಡಿಯೋನು ಮೋಸ ಮಾಡವ್ನೆ ಅಂತ ಅಂದ್ಕೊಂಡೆ. ಅಂದ್ಕೊಬೇಕಿತ್ತು ನಂಗೆ. ಕೊನೇಗೆ ನಿನ್ ಕರೆಸ್ದೆ. ನೀನು ಸುಳ್ಳು ಹೇಳೋಳಲ್ಲ. ನೀನು ಬ್ಯಾಟರಿ ಹೋಗದೆ ಅಂದ್ಬುಟ್ಟಿದ್ರೆ ನಾ ನಂಬ್ತಿದ್ದೆ."

ಅವನು ರಾತ್ರಿಯೆಲ್ಲ ಕಾರು ಮುಟ್ಟದೆ ಬಿಟ್ಟಿದ್ದು, ಬೆಳಗ್ಗೆಯೇ ಸ್ನಾನ ಮಾಡಿ ವಿಭೂತಿ ಇಟ್ಟು ಕೂತಿದ್ದು, "ಎಷ್ಟು?" ಎಂದು ಕೇಳಿದ್ದು ಯಾಕೆ ಎಂದು ಆಗ ಅರ್ಥವಾಯಿತು. ಹನ್ನೆರಡು ಪಾಯಿಂಟ್ ಆರು ಎರಡನ್ನು ನಾನು ಅವನ ಮುಖಕ್ಕೆ ಹಿಡಿದಿದ್ದೆ. ನನಗೆ ಅಳು ಬಂತು. ಅಟ್ಟದ ಮೇಲೆ, ಅರವತ್ತು ದಾಟಿದ ಹೆಂಗಸು, ಸೆರಗು ಬಾಯಿಗೆ ಹಿಡಿದು ಅತ್ತೆ. ಶಬ್ದ ಬಾರದ ಹಾಗೆ ಹಿಡಿದುಕೊಂಡೆ, ಆಮೇಲೆ ಅದು ಅವನಿಗೆ ಹೇಗೂ ಕೇಳುವುದಿಲ್ಲ ಎಂದು ಹೊಳೆದು ಇನ್ನೂ ಜಾಸ್ತಿಯಾಯಿತು. ಅವನು ನನ್ನ ಭುಜ ತಟ್ಟಿ, "ಇಳಿ ಇಳಿ, ಕಾಫಿ ಆರೋಯ್ತದೆ" ಎಂದ.

ಮುಂದಿನ ತಿಂಗಳು ಕಿವಿ ತೋರಿಸಲು ಅವನನ್ನು ತುಮಕೂರಿಗೆ ಕರೆದುಕೊಂಡು ಹೋದೆ. ಅದೇ ಕಾರಿನಲ್ಲಿ, ಅವನ ಮಗ ಓಡಿಸಿದ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ನಾನು ಹೊರಗೆ, ಪರೀಕ್ಷೆ ಮಾಡುವ ಹುಡುಗಿಯ ಪಕ್ಕ. ಅವಳು ಸದ್ದು ಕಳಿಸುತ್ತಿದ್ದಳು. ಒಳಗೆ ಅಣ್ಣ ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ ಕಾಯುತ್ತಿದ್ದ. ಅವಳು ಇನ್ನಷ್ಟು ಜೋರು ಮಾಡಿದಳು, ಇನ್ನಷ್ಟು. ಅವನು ಗುಂಡಿಯ ಮೇಲೆ ಹೆಬ್ಬೆಟ್ಟು ಇಟ್ಟುಕೊಂಡು ಕಾದೇ ಇದ್ದ. ಸುಳ್ಳಿಗೂ ಒಮ್ಮೆ ಒತ್ತಲಿಲ್ಲ. ಕೊನೆಗೆ ಬಂದ ಗ್ರಾಫ್‌ನಲ್ಲಿ ಗೆರೆ ಬಲಕ್ಕೆ ಹೋದ ಹಾಗೆ ಕೆಳಗೆ ಇಳಿದುಬಿಟ್ಟಿತ್ತು. ಆ ಹುಡುಗಿ ವಿವರಿಸಲು ಬಾಯಿ ತೆರೆದಾಗ ಬೇಡ ಎಂದೆ. ಗ್ರಾಫ್ ಓದುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಿಶನ್ ಹಾಕಿಸಿದೆವು, ಎರಡೂ ಕಿವಿಗೆ. ರಸ್ತೆಗೆ ಬಂದರೆ ಬಸ್ಸಿನ ಹಾರ್ನಿಗೆ ಬೆಚ್ಚಿಬಿದ್ದ. ಊರಿಗೆ ಬಂದವನೇ ಕಾರಿನ ಬಾಗಿಲು ತೆಗೆದು ಹಾರ್ನ್ ಒತ್ತಿದ. ಗೊರವಂಕಗಳು ಹಾರಿದವು. ಅತ್ತಿಗೆ ಈ ಸಲ ಬೈಯಲಿಲ್ಲ. ಅಣ್ಣ ಇನ್ನೊಂದು ಸಲ ಒತ್ತಿ, ಕೇಳಿಸಿಕೊಂಡು, "ಬ್ಯಾಟರಿ ಚೆನ್ನಾಗದೆ" ಎಂದ. ವಾರದೊಳಗೆ ತಿಪಟೂರಿಗೆ ಬಂದು, ಬ್ಯಾಟರಿ ಅಂಗಡಿಗೆ ಹೋಗಿ, ಕೂತಿದ್ದ ಗಿರಾಕಿಗಳ ಎದುರಿಗೇ, "ನಿನ್ ಬ್ಯಾಟರಿ ತಪ್ಪಲ್ಲ ಕಣಪ್ಪ, ನಂದು ತಪ್ಪು. ಮನಸ್ಸಿಗೆ ಹಚ್ಕೊಬೇಡ" ಎಂದನಂತೆ. ಅಂಗಡಿಯವನು ನನಗೆ ಫೋನು ಮಾಡಿ ಹೇಳಿದ. "ಅಳು ಬಂದ್ಬಿಡ್ತು ಮೇಡಂ" ಎಂದ.

ಎಲ್ಲ ಸರಿಹೋಯಿತು ಎಂದು ನಾನು ಅಂದುಕೊಂಡೆ. ಆದರೆ ಕಾಯಿ ಸರಿಹೋಗಲಿಲ್ಲ. ಮಿಶನ್ ಹಾಕಿಕೊಂಡು ಅಟ್ಟ ಹತ್ತಿ ಒಂದು ಮಧ್ಯಾಹ್ನ ಪೂರ್ತಿ ಕೂತು ಅಲ್ಲಾಡಿಸಿದನಂತೆ. "ಎಲ್ಲಾ ಕಾಯೂ ತಗಡಿನ ಡಬ್ಬಕ್ಕೆ ಹಾಕಿ ಅಲ್ಲಾಡ್ಸಿದಂಗೆ ಕೇಳ್ತದೆ. ಮಂಕ್ಯಾವ್ದು ಗಡಗಡ ಯಾವ್ದು ಗೊತ್ತಾಗಲ್ಲ" ಎಂದ. ತುಮಕೂರಿಗೆ ಎರಡು ಸಲ ಹೋಗಿ ಸರಿಮಾಡಿಸಿದೆವು. ಆ ಹುಡುಗಿ ಕಂಪ್ಯೂಟರಿನಲ್ಲಿ ಏನೇನೋ ತಿದ್ದಿದಳು. ಮಾತು ಸ್ಪಷ್ಟವಾಯಿತು, ಫೋನಿನಲ್ಲಿ ನನ್ನ ಉತ್ತರಕ್ಕೆ ಕಾಯತೊಡಗಿದ. ಕಾಯಿ ಮಾತ್ರ ಡಬ್ಬದಲ್ಲೇ ಉಳಿಯಿತು. ಇದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದು ಅವಳು ಕೊನೆಯ ಸಲ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದಳು. ನಾನು ಅಣ್ಣನಿಗೆ ಹೇಳಲಿಲ್ಲ.

ಆ ಮಿಶನ್ನಿಗೆ ಹುಣಿಸೆಬೀಜಕ್ಕಿಂತ ಸಣ್ಣ ಬ್ಯಾಟರಿ. ವಾರ ಹತ್ತು ದಿನಕ್ಕೆ ಮುಗಿಯುತ್ತದೆ, ಬದಲಾಯಿಸಬೇಕು. ಹೊಸದಕ್ಕೆ ಮೇಲೊಂದು ಬಣ್ಣದ ಸ್ಟಿಕ್ಕರು ಇರುತ್ತದೆ, ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಅಣ್ಣನ ದಪ್ಪ ಬೆರಳಿಗೆ ಅದು ಸಿಕ್ಕುವುದಿಲ್ಲ, ಸೊಸೆ ಹಾಕಿಕೊಡುತ್ತಾಳೆ. ಆದರೂ ಕೊಬ್ಬರಿ ಮಾರುಕಟ್ಟೆಯ ದಿನ ತಿಪಟೂರಿಗೆ ಬಂದಾಗೆಲ್ಲ ನನ್ನ ಮನೆಗೆ ಬರುತ್ತಾನೆ. ಚೀಲದಿಂದ ಒಂದು ಕಾಯಿ ತೆಗೆದು ಮೇಜಿನ ಮೇಲೆ ಇಡುತ್ತಾನೆ.

ಮೊದಲ ಸಲ ಹಾಗೆ ಬಂದಾಗ, ಮಿಶನ್ ಬಿಚ್ಚಿ ನನ್ನ ಅಂಗೈಗೆ ಹಾಕಿ, "ಈ ಬ್ಯಾಟರಿ ಹೋಗದೆ ಅನ್ಸುತ್ತೆ, ನೋಡವ್ವ. ಕಾಯಿ ಸರಿಯಾಗಿ ಕೇಳ್ತಿಲ್ಲ" ಎಂದ.

ನಾನು ಮೀಟರ್ ತಂದೆ. ಸಣ್ಣ ಬ್ಯಾಟರಿಯನ್ನು ಚಿಮಟದಲ್ಲಿ ಹಿಡಿದು, ಕೆಂಪು ಕಡ್ಡಿ ಒಂದು ಕಡೆ, ಕಪ್ಪು ಕಡ್ಡಿ ಒಂದು ಕಡೆ ಇಟ್ಟೆ. ಒಂದು ಪಾಯಿಂಟ್ ಮೂರು ಎಂಟು. ನಾಲ್ಕು ದಿನದ ಹಿಂದೆ ಹಾಕಿದ್ದು, ಏನೂ ಆಗಿರಲಿಲ್ಲ. ತಲೆ ಎತ್ತಿದರೆ ಅಣ್ಣ ಮೀಟರ್ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದ.

ಮೀಟರನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಹೌದಣ್ಣ, ಹೋಗಿದೆ" ಎಂದೆ.

"ನೋಡ್ದಾ, ನಾ ಹೇಳ್ಲಿಲ್ವಾ?" ಎಂದ. ಅಟ್ಟ ಇಳಿದು ಬರುವಾಗಿನ ಆ ಬೆಳಕು ಒಂದು ಕ್ಷಣ ಅವನ ಮುಖಕ್ಕೆ ಬಂತು. ಹೊಸದರ ಸ್ಟಿಕ್ಕರು ಕಿತ್ತು, ಒಂದು ನಿಮಿಷ ಕಾದು, ಮಿಶನ್ನಿಗೆ ಹಾಕಿ, ಅವನ ಕಿವಿಗೆ ನಾನೇ ಕೂರಿಸಿದೆ. ಅವನು ಮೇಜಿನ ಮೇಲಿನ ಕಾಯಿ ತೆಗೆದುಕೊಂಡು, ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ಅಲ್ಲಾಡಿಸಿದ. ನಾನು ನಿಂತಲ್ಲಿಗೆ ಚೆನ್ನಾಗಿ ಕೇಳುತ್ತಿತ್ತು, ಧಪ್ ಧಪ್ ಎಂದು, ಇನ್ನೂ ಮಂಕು.

ಬಹಳ ಹೊತ್ತು ಅಲ್ಲಾಡಿಸಿದ. ಆಮೇಲೆ ಕಾಯನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಮುಖ ನೋಡದೆ, "ಈಗ ಒಂಚೂರು ವಾಸಿ ಕಣವ್ವ" ಎಂದ.

ಅದಾದ ಮೇಲೆ ಎಂಟೊಂಬತ್ತು ಸಲ ಹೀಗೇ ಆಗಿದೆ. ಅವನು ಬ್ಯಾಟರಿ ಹೋಗದೆ ಎನ್ನುತ್ತಾನೆ, ನಾನು ಹೌದು ಎನ್ನುತ್ತೇನೆ, ಅವನು ವಾಸಿ ಎನ್ನುತ್ತಾನೆ. ಕಿವಿಯಿಂದ ತೆಗೆದವನ್ನು ನಾನು ಎಸೆದಿಲ್ಲ, ಲ್ಯಾಬಿನಿಂದ ಬರುವಾಗ ತಂದುಕೊಂಡಿದ್ದ ಒಂದು ಹಳೆಯ ಡಬ್ಬಿಯಲ್ಲಿ ಇಟ್ಟಿದ್ದೇನೆ. ತೆಗೆದ ದಿನ ಅವೆಲ್ಲ ಚೆನ್ನಾಗಿಯೇ ಇದ್ದವು.